ಎಡಗಡೆ ಸೀಟಿನ ಟೈಲರ್

ಪೇಟೆಯ ಗಂಡಸರ ಸೊಂಟಗಳನ್ನೆಲ್ಲ ಅಳೆದಿದ್ದ ಟೈಲರ್ ತನ್ನ ಸೊಂಟಕ್ಕೆ ಮಾತ್ರ ಎಂದೂ ಟೇಪು ಹಿಡಿದವನಲ್ಲ. ಹಿಡಿದರೂ ಟೇಪು ಸಾಲುವುದಿಲ್ಲ ಎಂದು ನಗುತ್ತಿದ್ದವರು ಅವನ ಹತ್ತಿರವೇ ಪ್ಯಾಂಟು ಹೊಲಿಸಿಕೊಳ್ಳುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವನು ಅಂಗಡಿಯ ಹಿಂದಿನ ಕೋಣೆಗೇ ವಾಸ ಬದಲಿಸಿದ. ಹೊಲಿಗೆ ಯಂತ್ರದ ಹಲಗೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದ. ಅಕ್ಕ ಮನೆಗೆ ಕರೆದರೆ ಅರ್ಜೆಂಟು ಬಟ್ಟೆ ಇದೆ ಎನ್ನುತ್ತಿದ್ದ. ಯಾರಿಗೂ ಹೊರೆಯಾಗಬಾರದೆಂಬ ಹಟ ಅವನದು. ಅಂಥ ಹಟಮಾರಿಗಳನ್ನು ಪ್ರೀತಿಸುವುದು ಎಂಥ ಪೀಕಲಾಟ ಎಂದು ಅಕ್ಕನನ್ನು ಕೇಳಬೇಕು.

ತಲೆ ಮೇಲೆ ತಲೆ ಬಿದ್ದರೂ ಬರುವುದಿಲ್ಲ ಎಂದಿದ್ದವನನ್ನು ಹೊರಗೆ ಎಳೆದದ್ದು ಭಾವನ ಹಳೆಯ ಡೀಸೆಲ್ ಕಾರು. ಅಕ್ಕನ ಗಂಡ ಈ ಭಾವ ತಕ್ಕಡಿ ರಿಪೇರಿ ಮಾಡುವವನು, ಕಡ್ಡಿಯಂಥ ಆಳು. ಯಾವ ಅಂಗಡಿಯ ತಕ್ಕಡಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ತೂಕದ ವಿಷಯದಲ್ಲಿ ಸುಳ್ಳು ಹೇಳುವವನಲ್ಲ ಎಂದು ಇಡೀ ಪೇಟೆಗೆ ಗೊತ್ತಿತ್ತು. ಅವನು ಒಂದು ದಿನ ಅಂಗಡಿಗೆ ಬಂದು, ಕಾರು ಬಲಕ್ಕೆ ಎಳೆಯುತ್ತಿದೆ, ಎಡಗಡೆ ತೂಕ ಬೇಕು, ತನ್ನಲ್ಲಿರುವ ತೂಕದ ಕಲ್ಲುಗಳನ್ನೆಲ್ಲ ಜೋಡಿಸಿಟ್ಟರೂ ಸಾಲದು, ಭಾನುವಾರ ಬಂದು ಕೂತರೆ ದೊಡ್ಡ ಉಪಕಾರವಾಗುತ್ತದೆ ಎಂದು ಗಂಭೀರವಾಗಿ ಹೇಳಿದ. ಉಪಕಾರ ಕೇಳಿದರೆ ಟೈಲರ್ ಇಲ್ಲ ಎನ್ನುವುದು ಹೇಗೆ? ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ಕೂತ.

ಅಲ್ಲಿಂದ ಪ್ರತಿ ಭಾನುವಾರ ಹಾಗೇ ನಡೆಯಿತು. ಹಿಂದೆ ಊಟದ ಡಬ್ಬಿಯ ಜೊತೆ ಅಕ್ಕ, ಮುಂದೆ ಎಡಗಡೆ ಟೈಲರ್, ಬಲಗೈಯಿಂದ ಸ್ಟೀರಿಂಗನ್ನು ಕೆಳಕ್ಕೆ ಜಗ್ಗಿ ಹಿಡಿದು ಹಲ್ಲು ಕಚ್ಚಿಕೊಂಡ ಭಾವ. ಕೆರೆಯ ದಂಡೆಯವರೆಗೆ ಹೋಗಿ, ಉಂಡು, ವಾಪಸು. ವಾರವೆಲ್ಲ ಟೈಲರ್ ಆ ಭಾನುವಾರದ ಕಡೆಗೇ ಯಂತ್ರ ತುಳಿಯುತ್ತಿದ್ದ. ಇದನ್ನು ಅವನು ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ. ಗಿರಾಕಿಗಳು ಕೇಳಿದರೆ, ಏನು ಮಾಡೋದು, ನಾನಿಲ್ಲದೆ ಗಾಡಿ ಓಡೋದಿಲ್ಲ ಎಂದು ಬೇಸರದ ಮುಖ ಮಾಡುತ್ತಿದ್ದ.

ಹೀಗಿರುವಾಗ ಕಾರು ಒಂದು ಭಾನುವಾರ ಎಡಗಡೆಯ ದೀಪದ ಕಂಬವನ್ನು ಸವರಿ, ಟೈಲರನ ಕಡೆಯ ಬಾಗಿಲಿನ ಬಣ್ಣ ಕಳಕೊಂಡಿತು. ಬಲಕ್ಕೆ ಎಳೆಯುವ ಕಾರಿಗೆ ಎಡಗಡೆಯ ಕಂಬದಲ್ಲಿ ಏನು ಕೆಲಸ ಎಂದು ಅವನು ಕೇಳಿದ. ಬಲಕ್ಕೆ ಹೋಗದಿರಲೆಂದು ತಿರುಗಿಸಿದ್ದು ಸ್ವಲ್ಪ ಜಾಸ್ತಿಯಾಯಿತು ಎಂದ ಭಾವ. ಡ್ರೈವಿಂಗಿನ ಗಂಧಗಾಳಿ ಇಲ್ಲದ ಟೈಲರ್ ತಲೆಯಾಡಿಸಿದ. ಅಕ್ಕ ಮಾತ್ರ ಸುಮ್ಮನಿರಲಿಲ್ಲ. ಎದುರು ಮನೆಯ ಮೆಕ್ಯಾನಿಕ್ಕನನ್ನು ಕರೆಸಿದಳು. ಅವನು ಕಾರನ್ನು ಒಂದು ಸುತ್ತು ಓಡಿಸಿ ನೋಡಿ, ಸ್ಟೀರಿಂಗಿನ ರಬ್ಬರ್ ಬುಷ್‌ಗಳು ಸವೆದಿವೆ, ಎರಡನ್ನೂ ಬದಲಿಸಿದರೆ ಮುಗಿಯಿತು ಎಂದ. ಟೈಲರನಿಗೆ ಚಿಂತೆ ಹತ್ತಿತು. ಕಾರು ನೆಟ್ಟಗೆ ಓಡತೊಡಗಿದರೆ ಎಡಗಡೆಯ ತೂಕ ಯಾರಿಗೆ ಬೇಕು?

ತಕ್ಕಡಿ ಬಿಚ್ಚುವವನಿಗೆ ಇದೇನು ಮಹಾ ಎಂದು ಭಾವ ರಿಪೇರಿಯನ್ನು ಮನೆಯಲ್ಲೇ ಶುರುಮಾಡಿದ. ಅಂಗಳದಲ್ಲಿ ಕಾರಿನ ಮುಂಭಾಗವನ್ನು ಜಾಕಿಯಿಂದ ಎತ್ತಿ, ಕೆಳಗೆ ಮರದ ದಿಮ್ಮಿಗಳನ್ನು ಕೊಟ್ಟು, ಅಂಗಾತ ಮಲಗಿ ಒಳಗೆ ನುಸುಳಿದ. ಆ ಸಂದಿನಲ್ಲಿ ಟೈಲರನ ತಲೆ ಬಿಟ್ಟರೆ ಬೇರೇನೂ ಹಿಡಿಯುತ್ತಿರಲಿಲ್ಲವಾದ್ದರಿಂದ ಸ್ಟೂಲಿನ ಮೇಲೆ ಕೂತು ಸ್ಪ್ಯಾನರ್ ಕೊಡುವ ಕೆಲಸ ಅವನದಾಯಿತು. ಚಕ್ರಗಳನ್ನು ಅತ್ತಿತ್ತ ಎಳೆಯುವ ಉದ್ದನೆಯ ಕೊಳವೆಯನ್ನು ಎರಡು ಪಟ್ಟಿಗಳು ಹಿಡಿದಿದ್ದವು. ತುಕ್ಕು ಹಿಡಿದ ಬೋಲ್ಟುಗಳು ಜಪ್ಪಯ್ಯ ಅಂದರೂ ಸಡಿಲವಾಗಲಿಲ್ಲ. ಭಾವ ಎಣ್ಣೆ ಬಿಟ್ಟ, ಸುತ್ತಿಗೆಯಿಂದ ತಟ್ಟಿದ, ಬೈದ. ಕೊನೆಗೆ ಬೋಲ್ಟುಗಳು ಬೈಗುಳಕ್ಕೇ ಹೆದರಿದವೋ ಏನೋ, ಪಟ್ಟಿಗಳು ಕಳಚಿಕೊಂಡವು. ಒಳಗಿದ್ದ ಹಳೆಯ ರಬ್ಬರು ಒಣ ರೊಟ್ಟಿಯ ಹಾಗೆ ಪುಡಿಯಾಗಿ ಅವನ ಬಾಯಿಗೇ ಉದುರಿತು.

ಒಂದು ಹೊಸ ಬುಷ್ಷಿಗೆ ಸೋಪಿನ ನೀರು ಸವರಿ ಕೂರಿಸಿದ್ದಾಯಿತು. ಇನ್ನೊಂದಕ್ಕಾಗಿ ಕಾರಿನಡಿಯಿಂದ ಕೈ ಹೊರಗೆ ಬಂತು. ಟೈಲರ್ ಆ ಕೈ ನೋಡಿದ, ಬುಷ್ ನೋಡಿದ, ಆಮೇಲೆ ಅದನ್ನು ಮೆಲ್ಲಗೆ ಸ್ಟೂಲಿನ ಮೇಲಿಟ್ಟು ಅದರ ಮೇಲೆ ಕೂತುಬಿಟ್ಟ. ಕಾಣಿಸ್ತಿಲ್ಲ ಭಾವ ಎಂದ. ಅವನು ಕೂತ ಮೇಲೆ ಒಂದು ಬುಷ್ ಯಾಕೆ, ಆ ಸ್ಟೂಲೇ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಭಾವ ಹೊರಗೆ ಬಂದು ಅಂಗಳವೆಲ್ಲ ಹುಡುಕಿದ. ಬಕೆಟ್ಟಿನೊಳಗೆ, ಚಪ್ಪಲಿಯೊಳಗೆ ಕೈಹಾಕಿ ನೋಡಿದ. ಮತ್ತೆ ಕಾರಿನಡಿ ನುಸುಳಲು ಹೋದವನು ಅಮ್ಮಾ ಎಂದು ಬಲಭುಜ ಹಿಡಿದುಕೊಂಡು ಅಲ್ಲೇ ಕುಸಿದ. ಅಕ್ಕ ಮುಲಾಮು ತಂದು, ಅಂಗಿ ಸರಿಸಿ ತಿಕ್ಕತೊಡಗಿದಳು. ಪ್ರತಿ ಭಾನುವಾರ ರಾತ್ರಿಯೂ ಇದೇ ಪಾಡು, ಸ್ಟೀರಿಂಗ್ ಜಗ್ಗಿ ಜಗ್ಗಿ ಕೈ ಎತ್ತಲಿಕ್ಕೇ ಆಗುವುದಿಲ್ಲ ಎಂದು ಗೊಣಗಿದಳು. ಗೊಣಗುತ್ತಲೇ ಒಮ್ಮೆ ತಮ್ಮನನ್ನು, ಒಮ್ಮೆ ಸ್ಟೂಲನ್ನು ನೋಡಿದಳು.

ಟೈಲರನಿಗೆ ಕೂತಲ್ಲಿ ಕೂರಲಾಗಲಿಲ್ಲ. ತನ್ನ ಒಂದು ದಿನದ ಸುಖಕ್ಕೆ ಭಾವನ ಭುಜ ಸವೆಯಬೇಕೇ ಎಂದು ನಾಚಿಕೆಯಾಯಿತು. ಎದ್ದುನಿಂತ. ಬುಷ್ ಒಂದು ಕ್ಷಣ ಪ್ಯಾಂಟಿಗೇ ಅಂಟಿಕೊಂಡಿದ್ದು ಪಟ್ಟೆಂದು ಕೆಳಗೆ ಬಿತ್ತು. ಭಾವ ಅದನ್ನು ಎತ್ತಿಕೊಂಡು ಒರೆಸಿ, ಬೆಚ್ಚಗಾಗಿದೆ, ಸುಲಭವಾಗಿ ಕೂರುತ್ತದೆ ಎಂದಷ್ಟೇ ಹೇಳಿ ಒಳಗೆ ನುಸುಳಿದ.

ಸಂಜೆ ಮೆಕ್ಯಾನಿಕ್ ಬಂದು ಬೋಲ್ಟುಗಳ ಬಿಗಿ ನೋಡಿ, ಕಾರನ್ನು ರಸ್ತೆಯ ತುದಿಯವರೆಗೆ ಓಡಿಸಿ ತಂದ. ಗೆರೆ ಎಳೆದ ಹಾಗೆ ಹೋಗುತ್ತಿದೆ ಎಂದು ಹೊಗಳಿದ.

"ಮೊನ್ನೆ ನಾನು ಓಡಿಸಿದಾಗ ಸುಮ್ಮನೆ ಎಡಕ್ಕೆ ಎಳೀತಿತ್ತು," ಎಂದ.

"ಬಲಕ್ಕಲ್ವಾ?" ಎಂದ ಟೈಲರ್.

"ಎಡಕ್ಕೇ. ಅದರ ಮೇಲೆ ನಿಮ್ಮಂಥವರನ್ನ ಎಡಗಡೆ ಕೂರಿಸ್ಕೊಂಡು ಓಡಿಸಿದಾರಲ್ಲ ಯಜಮಾನ್ರು, ಅವರ ಭುಜಕ್ಕೆ ಕೈ ಮುಗೀಬೇಕು."

ಮೆಕ್ಯಾನಿಕ್ ಹೊರಟುಹೋದ. ಅಕ್ಕನಿಗೆ ಒಳಗೆ ಏನೋ ಕೆಲಸ ನೆನಪಾಯಿತು. ಭಾವ ಆಗಲೇ ಒರೆಸಿಟ್ಟಿದ್ದ ಸ್ಪ್ಯಾನರುಗಳನ್ನು ಮತ್ತೆ ಒರೆಸತೊಡಗಿದ. ಟೈಲರ್ ಆ ಎಲ್ಲ ಭಾನುವಾರಗಳನ್ನು, ಜಗ್ಗಿ ಹಿಡಿದ ಆ ಬಲಗೈಯನ್ನು ನೆನೆದ. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಭಾವನೇ, ತಲೆ ಎತ್ತದೆ, ಮಾತಾಡಿದ.

"ಮುಂದಿನ ಭಾನುವಾರ ತಪ್ಪಿಸ್ಬೇಡ ಮಹಾರಾಯ. ಹೊಸ ರಬ್ಬರು ಹದಕ್ಕೆ ಬರೋವರೆಗೆ ಎಡಗಡೆ ತೂಕ ಇರ್ಲೇಬೇಕು."

ಟೈಲರ್ ಮೂಗು ಒರೆಸಿಕೊಂಡ. ಅರ್ಜೆಂಟು ಬಟ್ಟೆ ತುಂಬಾ ಇದೆ ಎಂದು ಎಂದಿನ ಬೇಸರದ ಮುಖ ಮಾಡಲು ನೋಡಿದ. ಆಗಲಿಲ್ಲ.

"ಎಷ್ಟು ದಿನ ಬೇಕಾಗುತ್ತೆ ಭಾವ?"

"ಸವೆಯೋವರೆಗೆ," ಎಂದ ಭಾವ.