ಅತ್ತೆಯ ಕಾಲ್ಬೆರಳು ತಿಂದ ಹಿಮ

ನನ್ನ ಗಂಡ ಹಿಮಾಚಲದ ಬೆಟ್ಟಗಳಲ್ಲಿ ಡೋಜರ್ ಓಡಿಸುತ್ತಿದ್ದರು. ಸರ್ಕಾರದ ರಸ್ತೆ ಕೆಲಸ. ಮಳೆಗಾಲದಲ್ಲಿ ಕುಸಿದ ಮಣ್ಣು ತಳ್ಳುವುದು, ಚಳಿಗಾಲದಲ್ಲಿ ಹಿಮ ತಳ್ಳುವುದು. ತೊಂಬತ್ತರ ದಶಕದ ನಡುವಿನಲ್ಲಿ, ಇನ್ನೂ ನಡೆಯಲು ಬಾರದ ಹೆಣ್ಣುಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ನಾನೂ ಅಲ್ಲಿಗೆ ಹೋದೆ. ತೊಣ್ಣೂರು ಕೆರೆಯ ಏರಿ ಮೇಲೆ ಆಡಿ ಬೆಳೆದವಳು ನಾನು. ಚಳಿ ಎಂದರೆ ಮಾಗಿಯಲ್ಲಿ ಬೆಳಗ್ಗೆ ಎದ್ದು ಒಲೆ ಮುಂದೆ ಸ್ವಲ್ಪ ಹೊತ್ತು ಕೂರುವುದು, ಅಷ್ಟೇ ಗೊತ್ತಿದ್ದದ್ದು.

ಅತ್ತೆಯೂ ಜೊತೆಗೆ ಬಂದರು. ಗೋವಿಂದನಹಳ್ಳಿಯ ಮನೆಯಲ್ಲಿ ಹಿರಿಸೊಸೆಯ ಜೊತೆ ಜಗಳವಾಗಿ, "ನನ್ ಕಿರೀಮಗನ್ ತಾವ ಓಗಿ ರಾಣಿ ಅಂಗೆ ಇರ್ತೀನಿ, ನೀನ್ ಇಲ್ಲೇ ಸಗಣಿ ಬಾಚ್ಕಂಡ್ ಬಿದ್ದಿರು" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಹೊರಟಿದ್ದರು. ನನ್ನ ಗಂಡ ಬೇಡ ಎನ್ನಲಿಲ್ಲ. ಅವ್ವನಿಗೆ ಬೇಡ ಎನ್ನುವುದು ಅವರ ಬಾಯಿಗೆ ಬರುತ್ತಿರಲಿಲ್ಲ. ದೀಪಾವಳಿಗೆ ಮುಂಚೆ ಊರಿಗೆ ಬಿಟ್ಟು ಬರುವುದು ಎಂದು ಮಾತಾಗಿತ್ತು. ಅತ್ತೆ ಹೊರಡಲಿಲ್ಲ. ಆಮೇಲೆ ದಾರಿಯೇ ಮುಚ್ಚಿತು.

ರಸ್ತೆ ಕೆಲಸದವರ ಕ್ಯಾಂಪಿನಲ್ಲಿ ಸಂಸಾರ ಇಡಲು ಬಿಡುತ್ತಿರಲಿಲ್ಲವಾದ್ದರಿಂದ ಕೆಳಗಿನ ಹಳ್ಳಿಯಲ್ಲಿ ಬಾಡಿಗೆಗೆ ಇದ್ದೆವು. ಕಲ್ಲು, ಮರದ ಮನೆ. ಮುಂದಿನ ಭಾಗದಲ್ಲಿ ಮನೆಯೊಡತಿ, ಒಬ್ಬ ವಿಧವೆ, ತನ್ನ ಹಸುಗಳ ಜೊತೆ ಇದ್ದಳು. ಹಿಂದಿನ ಒಂದು ಕೋಣೆ ನಮ್ಮದು, ಅದಕ್ಕೆ ಬೇರೆ ಬಾಗಿಲು. ಕೋಣೆಯ ನಡುವೆ ತಗಡಿನ ಒಲೆ, ಅದರ ಹೊಗೆ ಹೋಗಲು ಕೊಳವೆ. ಅಂಗಳದ ಆ ತುದಿಗೆ ತಗಡಿನ ಕಕ್ಕಸು.

ಒಲೆಗೂ ಗೋಡೆಗೂ ನಡುವಿನ ಬೆಚ್ಚನೆ ಜಾಗವನ್ನು ಅತ್ತೆ ಬಂದ ದಿನವೇ ಹಿಡಿದುಕೊಂಡರು. ನಾನು, ಮಗು ಬಾಗಿಲ ಕಡೆ. ಬಾಗಿಲ ಸಂದಿಯಿಂದ ಬರುವ ಗಾಳಿಗೆ ಮಗು ಮೂಗು ಸುರಿಸಿಕೊಂಡು ಅಳುತ್ತಿತ್ತು. ಒಮ್ಮೆ, "ಅತ್ತೆ, ಮಗೀನಾದ್ರೂ ಒಲೆ ಪಕ್ಕ ಮಲಗಿಸ್ಕೊಳಿ" ಎಂದೆ.

"ಎಣ್ಣು ತಾನೆ ಎತ್ತಿರೋದು. ಅದ್ಕೆ ಬೆಂಕಿ ಬ್ಯಾರೆ ಕೇಡು" ಅಂದರು.

ಊರಿಂದ ತಂದ ರಾಗಿಹಿಟ್ಟನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರು. ದಿನಕ್ಕೆ ಒಂದು ಮುದ್ದೆ, ಅದು ಅವರಿಗೆ. ಬಾಣಂತಿತನದ ಸೊಂಟನೋವು ಇನ್ನೂ ಬಿಡದಿದ್ದ ನಾನು ಆ ಮುದ್ದೆ ತಿರುವಿ, ಅವರ ತಟ್ಟೆಗೆ ಹಾಕಿ, ಪಾತ್ರೆಗೆ ಅಂಟಿದ ಸೀಕು ಕೆರೆದು ತಿನ್ನುತ್ತಿದ್ದೆ. ಅದನ್ನೂ ನೋಡಿ, "ಪಾತ್ರೆ ತಳ ತೂತು ಮಾಡ್ತೀಯ ಕಣಮ್ಮಿ" ಎನ್ನುತ್ತಿದ್ದರು.

ಗಂಡ ಕ್ಯಾಂಪಿನಿಂದ ಇಬ್ಬರಿಗೂ ರಬ್ಬರ್ ಬೂಟು ತಂದುಕೊಟ್ಟರು. ಅತ್ತೆ ಅದನ್ನು ಕಾಲಿನಿಂದ ಆಚೆ ಸರಿಸಿದರು. "ಕಬ್ಬಿನ ಕೂಳೆ ತುಳ್ದಿರೋ ಪಾದ ಕಣ್ಲಾ ಇದು. ಮುಳ್ಳೇ ನಾಟಲ್ಲ, ಈ ಬಿಳೀ ಬೂದಿ ಏನ್ ಮಾಡದು?" ಹಿಮ್ಮಡಿ ಒಡೆದು ಬಿರುಕು ಬಿಟ್ಟಿದ್ದ ಆ ಪಾದ ನಿಜಕ್ಕೂ ಗಟ್ಟಿ ಪಾದ. ಹವಾಯಿ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದರು.

ಅದೇ ಹೊತ್ತಿನಲ್ಲಿ ನನ್ನ ಗಂಡ ಒಂದು ಮಾತು ಹೇಳಿದ್ದರು. ಕ್ಯಾಂಪಿನ ಕೂಲಿಯೊಬ್ಬ ಮರಗಟ್ಟಿದ ಕಾಲನ್ನು ನೇರವಾಗಿ ಬೆಂಕಿಗೆ ಹಿಡಿದನಂತೆ. ಚರ್ಮ ಸುಟ್ಟು ವಾಸನೆ ಬಂದರೂ ಅವನಿಗೆ ಗೊತ್ತಾಗಲಿಲ್ಲವಂತೆ. "ಅಂಗೇನಾರ ಆದ್ರೆ ಬೆಂಕಿ ಹತ್ರ ಬುಡ್ಬೇಡ. ಮೈ ಶಾಖದಲ್ಲಿ, ಉಗುರುಬೆಚ್ಚಗಿನ ನೀರಲ್ಲಿ ನಿಧಾನಕ್ಕೆ ಕಾಯಿಸ್ಬೇಕು" ಎಂದಿದ್ದರು. ಅತ್ತೆಯೂ ಅಲ್ಲೇ ಕೂತು ಮುದ್ದೆ ನುಂಗುತ್ತಿದ್ದರು.

ಆ ದಿನ ಬೆಳಗ್ಗೆ, ಮೇಲಿನ ರಸ್ತೆಯಲ್ಲಿ ಲಾರಿಗಳು ಸಿಕ್ಕಿಕೊಂಡಿವೆ ಎಂದು ಗಂಡನಿಗೆ ಕರೆ ಬಂತು. ಅವರು ಹೋದರು. ಮಧ್ಯಾಹ್ನದ ಹೊತ್ತಿಗೆ ಆಕಾಶ ಬಟ್ಟೆ ಒಗೆದ ನೀರಿನ ಬಣ್ಣಕ್ಕೆ ತಿರುಗಿತು. ಮನೆಯೊಡತಿ ಬಂದು ತನ್ನ ಹರಕು ಹಿಂದಿಯಲ್ಲಿ, ಸೌದೆಯನ್ನೆಲ್ಲ ಒಳಗೆ ತಂದುಕೋ, ಹೊರಗೆ ಕಾಲಿಡಬೇಡಿ ಎಂದಳು. ಬೂದಿ ತುಂಬಿದ ಒಂದು ಡಬ್ಬ ಕೊಟ್ಟು, ಅದು ಯಾತಕ್ಕೆ ಎಂದು ಕೈಸನ್ನೆಯಲ್ಲಿ ತೋರಿಸಿದಳು. ನಾನು ಅದನ್ನು ಮೂಲೆಯಲ್ಲಿಟ್ಟು ಸೀರೆ ಮರೆ ಕಟ್ಟಿದೆ. ಅತ್ತೆ ಮುಖ ತಿರುಗಿಸಿದರು.

ಬಿರುಗಾಳಿ ಸಂಜೆಗೆ ಶುರುವಾಯಿತು. ಆಲೆಮನೆಯ ಇಂಜಿನ್ನನ್ನು ಕಿವಿಯ ಪಕ್ಕ ತಂದಿಟ್ಟ ಹಾಗೆ ಸದ್ದು. ಬಾಗಿಲ ಸಂದಿಯಿಂದ ಹಿಟ್ಟಿನಂಥ ಹಿಮ ನುಗ್ಗಿ ನಮ್ಮ ಕಂಬಳಿಯ ಮೇಲೆ ಒಂದು ಬಿಳಿ ಗೆರೆ ಎಳೆಯುತ್ತಿತ್ತು. ಒರೆಸಿದರೆ ಮತ್ತೆ ಅದೇ ಗೆರೆ. ಮಗುವನ್ನು ಸೆರಗಿನೊಳಗೆ ಎದೆಗೆ ಕಟ್ಟಿಕೊಂಡೆ. ಹಾಲೂ ಸರಿಯಾಗಿ ಇಳಿಯುತ್ತಿರಲಿಲ್ಲ. ಮಗು ಕಚ್ಚುತ್ತಿತ್ತು. ಬೆಳಗಾದರೂ ಬೆಳಕಾಗಲಿಲ್ಲ. ಕಿಟಕಿಗೆ ಹಿಮ ಮೆತ್ತಿ ಕೋಣೆ ಬಾವಿಯೊಳಗಿನ ಹಾಗೆ ಕಪ್ಪಾಗಿತ್ತು.

ಅತ್ತೆ ಹಿಂದಿನ ದಿನದಿಂದ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ನಾನು ಕಂಡೂ ಕಾಣದ ಹಾಗಿದ್ದೆ. ಕೊನೆಗೆ ಅವರೇ ಎದ್ದು ಬಾಗಿಲ ಅಗುಳಿಗೆ ಕೈ ಹಾಕಿದರು.

"ಅತ್ತೆ, ಬ್ಯಾಡಿ. ಡಬ್ಬ ಐತಲ್ಲ. ನಾನ್ ಆ ಕಡೆ ತಿರುಕ್ಕಂಡಿರ್ತೀನಿ" ಎಂದೆ.

"ಉಣ್ಣೋ ಮನೇಲಿ? ಸೊಸೆ ಎದುರಿಗೆ? ನಾನೇನ್ ನಾಯಿನಾ?"

"ಓಗ್ಬ್ಯಾಡಿ ಅತ್ತೆ, ದಾರಿ ಕಾಣಲ್ಲ."

"ಕೈ ಬುಡಮ್ಮಿ!" ಎಂದು ನನ್ನ ಕೈಯನ್ನು ಕೊಡವಿ, ಅದೇ ಚಪ್ಪಲಿಯಲ್ಲಿ ಹೊರಗೆ ಇಳಿದರು. ಬಾಗಿಲು ತೆರೆದ ಅಷ್ಟರಲ್ಲೇ ಕೋಣೆಯ ಅರ್ಧದಷ್ಟು ನೆಲ ಬೆಳ್ಳಗಾಯಿತು. ನಾನು ಭುಜ ಕೊಟ್ಟು ಬಾಗಿಲು ಮುಚ್ಚಿದೆ.

ಕಾದೆ. ಕೂಗಿದೆ. ನನ್ನ ಕೂಗು ನನಗೇ ಕೇಳುತ್ತಿರಲಿಲ್ಲ. ಗೋಡೆ ಗುದ್ದಿದೆ, ಆ ಕಡೆಯ ಮನೆಯೊಡತಿಗೆ ಆ ಸದ್ದೂ ಮುಟ್ಟಲಿಲ್ಲ. ಅಂಗಳದ ತುದಿಗೆ ಹೋಗಿ ಬರಲು ಇಷ್ಟು ಹೊತ್ತು ಬೇಡ. ಮಗುವನ್ನು ಹೊತ್ತುಕೊಂಡು ಹೋದರೆ ಮಗು ಉಳಿಯುವುದಿಲ್ಲ. ಬಿಟ್ಟು ಹೋಗಿ ನಾನು ಬರದಿದ್ದರೆ, ಒಲೆ ಆರಿದ ಮೇಲೆ ಮಗು ಒಂದೇ. ಹೋಗದಿದ್ದರೆ ಅತ್ತೆ ಸಾಯುತ್ತಾರೆ. ಒಂದು ಕ್ಷಣ, ಸಾಯಲಿ ಎಂದುಕೊಂಡೆ. ಅದನ್ನೂ ಬರೆಯದಿದ್ದರೆ ಇದು ಪೂರ್ತಿಯಾಗುವುದಿಲ್ಲ.

ಆದರೆ ಕೈ ಆಗಲೇ ಪೆಟ್ಟಿಗೆಯಿಂದ ಸೀರೆಗಳನ್ನು ಎಳೆಯುತ್ತಿತ್ತು. ಒಂದರ ಸೆರಗಿಗೆ ಇನ್ನೊಂದರ ಸೆರಗು ಗಂಟು ಹಾಕಿದೆ, ಮದುವೆಯ ಧಾರೆ ಸೀರೆಯನ್ನೂ ಸೇರಿಸಿ. ಮಗುವಿನ ಸೊಂಟಕ್ಕೆ ಟವಲು ಸುತ್ತಿ, ಒಲೆಗೆ ಎಟುಕದಂತೆ ಮಂಚದ ಕಾಲಿಗೆ ಕಟ್ಟಿದೆ. ಅದು ಕಿರುಚುತ್ತಿರುವಾಗಲೇ ಬೂಟು ಹಾಕಿ, ಸೀರೆ ಹಗ್ಗದ ಒಂದು ತುದಿಯನ್ನು ಬಾಗಿಲ ಚಿಲಕಕ್ಕೂ ಇನ್ನೊಂದನ್ನು ನನ್ನ ಸೊಂಟಕ್ಕೂ ಬಿಗಿದು ಹೊರಗೆ ಬಿದ್ದೆ.

ಹಿಮ ಮೇಲಿನಿಂದ ಬೀಳುತ್ತಿರಲಿಲ್ಲ, ಅಡ್ಡಡ್ಡ ಬಂದು ಮುಖಕ್ಕೆ ಹೊಡೆಯುತ್ತಿತ್ತು. ಕಣ್ಣು ತೆರೆದರೆ ಮರಳು ತೂರಿದ ಹಾಗೆ. ಕಕ್ಕಸಿನ ತಗಡು ಬಡಿದುಕೊಳ್ಳುವ ಸದ್ದು ಹಿಡಿದು ಅಲ್ಲಿಗೆ ಹೋದೆ. ಒಳಗೆ ಯಾರೂ ಇಲ್ಲ. ಅದರ ಬಾಗಿಲೇ ಕಿತ್ತುಹೋಗಿತ್ತು. ಸೀರೆ ಬಿಗಿಯಾಗುವವರೆಗೆ ಆ ಕಡೆ ಈ ಕಡೆ ತಡಕಾಡಿದೆ. ಸೌದೆ ಒಟ್ಟಿದ್ದ ಜಾಗದ ಹಿಂದೆ ಕಾಲಿಗೆ ಏನೋ ಮೆತ್ತಗೆ ಸಿಕ್ಕಿತು. ಅತ್ತೆ ಕೂತಿದ್ದರು. ಮಂಡಿವರೆಗೆ ಹಿಮ. ಚಪ್ಪಲಿ ಎರಡೂ ಇಲ್ಲ.

ನನ್ನ ಮುಖ ನೋಡಿ, "ಮನೆ ಎಲ್ಲೋಯ್ತಮ್ಮಿ?" ಅಂದರು. ಅಷ್ಟು ಮೆತ್ತಗಿನ ದನಿಯನ್ನು ನಾನು ಅವರ ಬಾಯಲ್ಲಿ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಎಬ್ಬಿಸಲು ಆಗಲಿಲ್ಲ. ಕಂಕುಳಿಗೆ ಕೈ ಹಾಕಿ, ಸೀರೆ ಹಿಡಿದು ಹಿಂದೆ ಹಿಂದೆ ನಡೆಯುತ್ತ, ಗೊಬ್ಬರದ ಮೂಟೆ ಎಳೆದ ಹಾಗೆ ಎಳೆದು ತಂದೆ. ಒಳಗೆ ಮಗು ಅತ್ತು ಅತ್ತು ದನಿ ಬಿದ್ದು ಬರೀ ಬಾಯಿ ತೆರೆಯುತ್ತಿತ್ತು.

ಅತ್ತೆಯ ಪಾದ ಮೇಣದ ಹಾಗೆ ಬೆಳ್ಳಗಿತ್ತು. ಬೆರಳಿನಿಂದ ತಟ್ಟಿದರೆ ಮರ ತಟ್ಟಿದ ಸದ್ದು. ಸ್ವಲ್ಪ ಎಚ್ಚರ ಬಂದದ್ದೇ ಅವರು ಒಲೆಯ ಕಡೆ ತೆವಳಿ, ಎರಡೂ ಕಾಲನ್ನು ಬೆಂಕಿಯ ಬಾಯಿಗೆ ಚಾಚಿದರು. ನಾನು ಎಳೆದೆ.

"ಬೆಂಕಿ ಬ್ಯಾಡಿ ಅತ್ತೆ! ನಿಮ್ ಮಗ ಏಳಿಲ್ವಾ? ಸುಟ್ಟೋಯ್ತದೆ!"

"ಬುಡೇ! ಸಾಯ್ಸಕ್ ನೋಡ್ತಿಯಾ? ಬೆಂಕೀನೂ ಮುಟ್ಟುಸ್ದೆ ಸಾಯ್ಸ್ತೀಯಾ?"

ಕಚ್ಚಿದರು, ಪರಚಿದರು. ನಾನು ಅವರ ಕಾಲ ಮೇಲೆ ಬಿದ್ದು ತಡೆದೆ. ಕೊನೆಗೆ ರವಿಕೆ ಗುಂಡಿ ಬಿಚ್ಚಿ, ಆ ಎರಡು ಪಾದಗಳನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ಕಂಬಳಿ ಹೊದ್ದು ಕೂತೆ. ನನ್ನ ಉಸಿರೇ ನಿಂತಂತಾಯಿತು. ರಕ್ತ ತಿರುಗಿ ಓಡತೊಡಗಿದಾಗ ಅವರು ಕೂಗಿದ ಕೂಗು ಹೆರಿಗೆ ನೋವಿನ ಕೂಗಿಗಿಂತ ಜೋರಾಗಿತ್ತು. ಅಷ್ಟು ಕೂಗುತ್ತಲೇ ನನ್ನನ್ನು, ನನ್ನ ಅಪ್ಪನನ್ನು, ತೊಣ್ಣೂರನ್ನು ಬೈದರು.

ಗಾಳಿ ಮತ್ತೂ ಕೆಲವು ದಿನ ನಿಲ್ಲಲಿಲ್ಲ. ಪಾದ ಊದಿ, ಬೊಬ್ಬೆ ಎದ್ದು, ಬೆರಳುಗಳು ನೇರಳೆಯಾಗಿ ಆಮೇಲೆ ಕಪ್ಪಾದವು. ವಾಸನೆ ಬಂತು. ಆಕಾಶ ತೆರೆದ ದಿನ ನನ್ನ ಗಂಡ ಸೊಂಟದವರೆಗಿನ ಹಿಮ ಬಗೆಯುತ್ತ ಕ್ಯಾಂಪಿನ ನಾಲ್ಕು ಜನರ ಜೊತೆ ಬಂದರು. ಅವ್ವನನ್ನು ಏಣಿಗೆ ಕಟ್ಟಿ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ನಾನು ಮಗುವಿನ ಜೊತೆ ಹಿಂದೆ ನಡೆದೆ.

ಡಾಕ್ಟರು ಬಲಗಾಲಿನ ಬೆರಳುಗಳನ್ನೆಲ್ಲ ತೆಗೆದರು, ಎಡಗಾಲಿನಲ್ಲಿ ಒಂದನ್ನು ಉಳಿಸಿದರು. ಆಮೇಲೆ ನನ್ನ ಕಡೆ ಕೈ ತೋರಿಸಿ ನನ್ನ ಗಂಡನಿಗೆ ಹಿಂದಿಯಲ್ಲಿ ಹೇಳಿದರು: ಈ ಹುಡುಗಿ ಹೊರಗೆ ಹೋಗದಿದ್ದರೆ ನಿನ್ನ ತಾಯಿ ಇರುತ್ತಿರಲಿಲ್ಲ, ಬೆಂಕಿಗೆ ಬಿಟ್ಟಿದ್ದರೆ ಪಾದವೇ ಇರುತ್ತಿರಲಿಲ್ಲ. ಅತ್ತೆಗೆ ಹಿಂದಿ ಬರುತ್ತಿರಲಿಲ್ಲ. "ಏನಂದ್ರು?" ಎಂದು ಮಗನನ್ನು ಕೇಳಿದರು. ನನ್ನ ಗಂಡ, "ಏನಿಲ್ಲ ಕಣವ್ವ, ವಾಸಿಯಾಯ್ತದಂತೆ" ಎಂದರು.

ಹೊರಗೆ ಬಂದಾಗ, "ಡಾಕ್ಟ್ರು ಅಂದದ್ದನ್ನ ಅತ್ತೆಗೆ ಏಳಿ" ಎಂದೆ.

"ಅವ್ವ ನೋವ್ನಲ್ಲವ್ಳೆ. ಆಮೇಕೆ ಏಳ್ತೀನಿ ಬುಡು."

ದಾರಿ ತೆರೆದ ಮೇಲೆ ನಮ್ಮನ್ನು ಗೋವಿಂದನಹಳ್ಳಿಗೆ ತಂದುಬಿಟ್ಟರು. ಅತ್ತೆಯನ್ನು ನೋಡಲು ಜಗಲಿ ತುಂಬ ಹೆಂಗಸರು. ಅತ್ತೆ ಸೀರೆ ಸರಿಸಿ ಪಾದ ತೋರಿಸಿದರು.

"ಬಾಗ್ಲು ತೆಗ್ದು ಮಂಜಿಗೆ ತಳ್ಬುಟ್ಲು ಕಣ್ರವ್ವ. ಜೀವ ಉಳುಸ್ಕಳನ ಅಂತ ಎಂಗೋ ತೆವಳ್ಕಂಡ್ ಬಂದ್ರೆ, ಬೆಂಕಿ ತಾವಕೂ ಬುಡ್ನಿಲ್ಲ. ಕಾಲ್ ಮ್ಯಾಲೆ ಬಿದ್ದು ಇಡ್ಕಬುಟ್ಲು."

ನಾನು ನಡೆದದ್ದನ್ನು ಹೇಳಿದೆ. ಯಾರ ತಲೆಗೂ ಹೋಗಲಿಲ್ಲ. ನಮ್ಮ ಸೀಮೆಯಲ್ಲಿ ಮಂಜು ಎಂದರೆ ಮಾಗಿಯ ಬೆಳಗಿನಲ್ಲಿ ಹುರುಳಿ ಹೊಲದ ಮೇಲೆ ಕೂರುವ ಇಬ್ಬನಿ, ಬಿಸಿಲು ಬಂದರೆ ಕರಗುವಂಥದ್ದು. ಅದನ್ನು ತುಳಿದು ಯಾರ ಬೆರಳೂ ಹೋಗಿರಲಿಲ್ಲ. "ನಾವೂ ದಿನಾ ಮಂಜ್ ತುಳೀತೀವಿ ಕಣಮ್ಮಿ" ಎಂದು ಒಬ್ಬಳು ನಕ್ಕಳು. ಹಿರಿಸೊಸೆ, ಅತ್ತೆಯಿಂದ ನನಗಿಂತ ಹೆಚ್ಚು ನೋವುಂಡವಳು, ಆ ದಿನ ಅತ್ತೆಯ ತಲೆ ಸವರುತ್ತ ಕೂತಿದ್ದಳು. ನನ್ನ ಗಂಡ ಜಗಲಿಯ ಕಂಬಕ್ಕೆ ಒರಗಿ ನಿಂತು ಉಗುರು ನೋಡಿಕೊಳ್ಳುತ್ತಿದ್ದರು.

ಸುದ್ದಿ ಪಾಂಡವಪುರದ ಸಂತೆಯ ಮೂಲಕ ತೊಣ್ಣೂರಿಗೂ ತಲುಪಿತು. ನನ್ನಪ್ಪ ಮೊದಲ ಬಸ್ಸಿಗೇ ಬಂದರು. ಒಳಗೆ ಬಂದು ಕೂರಲಿಲ್ಲ, ನೀರೂ ಕುಡಿಯಲಿಲ್ಲ. ನನ್ನನ್ನು ಹಿತ್ತಿಲಿಗೆ ಕರೆದು, ತಲೆ ತಗ್ಗಿಸಿ ಕೇಳಿದರು:

"ದಿಟ ಏಳವ್ವ. ತಳ್ಳುದ್ಯಾ?"

ಅತ್ತೆ ಹೇಳಿದ್ದು ನನಗೆ ಅಷ್ಟು ತಾಗಿರಲಿಲ್ಲ. ಗಂಡ ಹೇಳದೆ ಉಳಿದದ್ದೂ ಇಷ್ಟು ತಾಗಿರಲಿಲ್ಲ. "ಇಲ್ಲಪ್ಪ" ಎಂದೆ. "ಸರಿ ಬುಡು" ಎಂದರು. ಅವರ ಮುಖ ನೋಡಿದರೆ ನಂಬಿದ ಹಾಗೂ ಕಾಣಲಿಲ್ಲ, ನಂಬದ ಹಾಗೂ ಕಾಣಲಿಲ್ಲ. ಬಂದ ಬಸ್ಸಿನಲ್ಲೇ ವಾಪಸ್ ಹೋದರು.

ಗಂಡ ಕೆಲಸಕ್ಕೆ ಮರಳಿದರು. ಹಿರಿಸೊಸೆ, "ಮಾಡ್ದೋಳೇ ನೋಡ್ಕಳ್ಲಿ" ಎಂದು ಕೈತೊಳೆದುಕೊಂಡಳು. ಅತ್ತೆಯ ಪಾದ ತೊಳೆಯುವುದು, ಮುಲಾಮು ಹಚ್ಚುವುದು, ಹಿತ್ತಿಲ ಕಡೆಗೆ ನಡೆಸಿಕೊಂಡು ಹೋಗಿ ನಿಂತು ಕಾದು ಕರೆತರುವುದು ನನ್ನ ಪಾಲಿಗೆ ಬಂತು. ಬೆರಳಿಲ್ಲದ ಕಾಲು ನೆಲ ಹಿಡಿಯುವುದಿಲ್ಲ. ಅವರ ಭಾರವೆಲ್ಲ ನನ್ನ ಹೆಗಲ ಮೇಲೆ. ಹಾಗೆ ಒರಗಿಕೊಂಡೇ ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ, "ಇವ್ಳೇ ನೋಡಿ ತಳ್ದೋಳು" ಎನ್ನುತ್ತಿದ್ದರು.

ಎಷ್ಟೋ ಕಾಲದ ಮೇಲೆ ಒಂದು ಮಧ್ಯಾಹ್ನ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಪಾದ ಒರೆಸುತ್ತ ಕೇಳಿಯೇ ಬಿಟ್ಟೆ.

"ಅತ್ತೆ, ನಾವಿಬ್ರೇ ಇದೀವಿ. ನಾನ್ ತಳ್ಳುದ್ನಾ?"

ಅವರು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಲಿಲ್ಲ.

"ಇಲ್ಲ. ಅದ್ಕೇನೀಗ?"

"ಮತ್ಯಾಕೆ ಅಂಗಂತೀರಿ?"

"ಕಕ್ಕಸ್ಗೋಗಿ ಬಿದ್ದು ಕಾಲ್ ಕಳ್ಕಂಡೆ ಅಂದ್ರೆ ನಗ್ತಾರೆ ಕಣಮ್ಮಿ. ಸೊಸೆ ತಳ್ಬುಟ್ಲು ಅಂದ್ರೆ ಪಕ್ದಲ್ ಬಂದು ಕೂತ್ಕತ್ತಾರೆ" ಎಂದರು. "ಎಡ್ಗಾಲ್ ಬೆರಳ್ ಬುಡ ಸರ್ಯಾಗಿ ಒರ್ಸು, ಕಡೀತದೆ."

ನಾನು ಒರೆಸಿದೆ. ಅಷ್ಟರಲ್ಲಿ ದೇವಲಾಪುರದಿಂದ ಅವರ ತಂಗಿ, ಇನ್ನಿಬ್ಬರು ನೆಂಟರ ಜೊತೆ ಒಳಗೆ ಬಂದರು. ಅತ್ತೆ ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಕಣ್ಣಿಗೆ ಸೆರಗು ಒತ್ತಿಕೊಂಡು, "ಏನೇಳ್ಲವ್ವ ತಂಗಿ, ಬಾಗ್ಲು ತೆಗ್ದು..." ಎಂದು ಶುರು ಮಾಡಿದರು. ನಾನು ಬಂದವರಿಗೆ ಕಾಫಿ ಇಡಲು ಅಡುಗೆಮನೆಗೆ ಹೋದೆ.