ಅವ್ವನ ಎಮ್ಮೆ ಮತ್ತು ಮಾತು ಕೇಳುವ ಪರದೆ

ನಮ್ಮ ಕಡೆಯ ಒಂದು ಊರಿನಲ್ಲಿ ಹೊಸ ಗ್ರಂಥಾಲಯ ತೆರೆದಾಗ ಬೆಲ್ಲದ ಬಾಗೇವಾಡಿಯಿಂದ ಅವ್ವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ನಮ್ಮ ಎಮ್ಮೆಗೆ ಮೇಲಿಂದ ಮೇಲೆ ಕೆಚ್ಚಲು ಬಾವು ಬರುತ್ತಿತ್ತು. ದನದ ಡಾಕ್ಟರು ಸೂಜಿ ಮಾಡಿ ಹೋಗುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ. ನಾಲ್ಕನೇ ಇಯತ್ತೆ ಕಲಿತ ಅವ್ವ, ಪುಸ್ತಕದಲ್ಲೇ ನೋಡುತ್ತೇನೆಂದು ಹಟ ಹಿಡಿದಿದ್ದಳು.

ಕಟ್ಟಡದ ಮುಂಭಾಗವೆಲ್ಲ ಗಾಜು. ಒಳಗೆ ನಾಲ್ಕೈದು ಜನ ಗಾಜಿನಿಂದ ಬೀಳುವ ಬಿಸಿಲಿಗೆ ತಲೆಯ ಮೇಲೆ ಟವೆಲ್ ಹಾಕಿಕೊಂಡು ಮೊಬೈಲ್ ನೋಡುತ್ತಿದ್ದರು. ಬಾಗಿಲ ಬಳಿ ಆಳೆತ್ತರದ ಕಂಪ್ಯೂಟರ್ ಪರದೆಯೊಂದು, ಬೇಕಾದ ಪುಸ್ತಕವನ್ನು ಮಾತಿನಲ್ಲೇ ಕೇಳಿ ಎನ್ನುತ್ತಿತ್ತು. ಅವ್ವ ಸೆರಗು ಸರಿಮಾಡಿಕೊಂಡು ಅದರ ಮುಂದೆ ನಿಂತಳು.

“ನಮ್ಮ ಎಮ್ಮಿ ಕೆಚ್ಚಲ ಬಾತೈತ್ರಿ. ಏನ್ ಮಾಡಬೇಕ್ರಿ?”

“ಕ್ಷಮಿಸಿ, ಅರ್ಥವಾಗಲಿಲ್ಲ,” ಎಂದಿತು ಪರದೆ. ಎರಡನೆಯ ಸಲಕ್ಕೆ ಎಮ್ಮಿಯನ್ನು ಅಮ್ಮ ಎಂದು ತಿಳಿದು, ವಯಸ್ಸಾದ ತಾಯಂದಿರ ಆರೈಕೆಯ ಪುಸ್ತಕಗಳನ್ನು ತೋರಿಸಿತು.

“ನನಗೇನಾಗೇತಿ? ನಾ ಆರಾಮ ಅದೀನಿ,” ಎಂದಳು ಅವ್ವ.

ಕೊನೆಗೆ ನಾನು ಮುಂದೆ ಹೋಗಿ, “ಎಮ್ಮೆಯ ಕೆಚ್ಚಲು ಬಾವಿನ ಬಗ್ಗೆ ಪುಸ್ತಕ ಇದೆಯೇ?” ಎಂದೆ. ತಕ್ಷಣ ಸಿಕ್ಕಿತು.

ಅವ್ವ ನನ್ನನ್ನೇ ನೋಡಿದಳು. “ನೀ ಅಂದ್ರ ತಿಳೀತ ಅದಕ್ಕ. ನಿನ್ನ ಸಾಲ್ಯಾಗ ಕಲಿತಿತ್ತೇನ?”

ಮೂವತ್ತು ವರ್ಷ ಕನ್ನಡ ಮಾಸ್ತರನಾಗಿ, ‘ಐತಿ’ ಎಂದ ಮಕ್ಕಳನ್ನು ‘ಇದೆ’ ಎನ್ನುವ ತನಕ ನಿಲ್ಲಿಸಿದವನು ನಾನು.

ಪುಸ್ತಕ ಎರಡನೇ ಮಹಡಿಯಲ್ಲಿದೆ ಎಂದು ಪರದೆ ತಿಳಿಸಿತು. ಲಿಫ್ಟಿನಲ್ಲಿ ಹೋದೆವು. ಕಪಾಟುಗಳು ಖಾಲಿ, ಗೋಡೆಯುದ್ದಕ್ಕೂ ಗೋಣಿಚೀಲಗಳು.

“ಇನ್ನೂ ಬಿಚ್ಚಿಲ್ರಿ ಸರ. ಪುಸ್ತಕ ಎಲ್ಲಾ ಚೀಲದಾಗ ಅದಾವ,” ಎಂದು ಗ್ರಂಥಾಲಯ ನೋಡಿಕೊಳ್ಳುವ ಹೆಂಗಸು, ಅಲ್ಲಿನವರ ಬಾಯಿಯವರು, ಸಂಕೋಚದಿಂದ ಹೇಳಿದರು. ಯಾವ ಪುಸ್ತಕವೆಂದು ತಿಳಿದು ಅವ್ವನತ್ತ ತಿರುಗಿದರು. “ಹಿಂಡಿದ ಮ್ಯಾಲ ಎಮ್ಮಿ ಲಗೂನ ಮಲಗತೈತೇನ್ರಿ ಅಜ್ಜಿ?”

“ಹೂಂ, ಮಲಗತೈತಿ.”

“ಮಲಗಾಕ ಬಿಡಬ್ಯಾಡ್ರಿ. ಹಿಂಡಿದ ಮ್ಯಾಲ ಮೊಲಿ ತೂತು ತೆರದಿರತಾವ, ನೆಲದ ಹೊಲಸು ಒಳಗ ಹೋಗತೈತಿ. ಮುಂದ ಮೇವು ಹಾಕ್ರಿ, ಅರ್ಧ ತಾಸು ನಿಂದರ್ಲಿ. ನೆಲ ಒಣಗಿರಬೇಕು. ನಮ್ಮನ್ಯಾಗೂ ಎಮ್ಮಿ ಐತ್ರಿ.”

ಇಬ್ಬರೂ ಸೇರಿ ಆರನೆಯ ಚೀಲದಲ್ಲಿ ಪುಸ್ತಕ ಹುಡುಕಿ ತೆಗೆದರು. ಅದರಲ್ಲೂ ಇದೇ ಮಾತು ಇತ್ತು, ಎರಡು ಪುಟ ಉದ್ದವಾಗಿ.

ಎಮ್ಮೆಗೆ ಆಮೇಲೆ ಬಾವು ಬರಲಿಲ್ಲ. ಪುಸ್ತಕ ಮರಳಿಸುವ ದಿನ ಅವ್ವ ಡಬ್ಬಿಯಲ್ಲಿ ಕೆನೆಮೊಸರು ತಂದಿದ್ದಳು. ಪರದೆಯತ್ತ ನೋಡದೆ ನೇರ ಮೇಲೆ ಹೋಗಿ ಬಾಯಿಯವರ ಜೊತೆ ಚೀಲದ ಮೇಲೆ ಕೂತು ಮಾತಿಗಿಳಿದಳು. ಕಪಾಟುಗಳು ಆಗಲೂ ಖಾಲಿ; ಒಂದು ತಾಸು ಕಳೆಯಬೇಕಿದ್ದ ನನಗೆ ಓದಲು ಸಿಕ್ಕಿದ್ದು, ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಸೂಚನೆಗಳು. ಎರಡು ಸಲ ಓದಿದೆ.