ಲಕ್ಕಣ್ಣನ ಹೆಸರಿನ ಹುಳ

ಕಡೂರಿನ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಕಲಿಸಿದ ಮಾಲಿನಿ ನಿವೃತ್ತರಾದ ಮರುವರ್ಷ ಆ ವಿಭಾಗವೇ ಮುಚ್ಚಿತು. ಸೇರುವ ಮಕ್ಕಳಿರಲಿಲ್ಲ. ಪ್ರಿನ್ಸಿಪಾಲರು ಫೋನ್ ಮಾಡಿ, “ನಿಮ್ಮ ಸ್ಲೈಡ್‌ಗಳು ಒಂದು ಬೀರು ತುಂಬ ಇವೆ ಮೇಡಂ. ತಗೊಂಡ್ಹೋಗ್ತೀರಾ, ಇಲ್ಲಾ…” ಎಂದು ನಿಲ್ಲಿಸಿದರು.

ಮಾಲಿನಿ ಆಟೊ ಮಾಡಿಕೊಂಡು ಹೋಗಿ ಹನ್ನೆರಡು ಮರದ ಪೆಟ್ಟಿಗೆಗಳನ್ನು ಬೀರೂರಿನ ತಮ್ಮ ಬಾಡಿಗೆ ಮನೆಗೆ ತಂದರು. ಮದುವೆಯಾದವರಲ್ಲ. ಊಟದ ಮೇಜಿಗಿದ್ದ ನಾಲ್ಕು ಕುರ್ಚಿಗಳಲ್ಲಿ ಒಂದೇ ಬಳಕೆಯಲ್ಲಿತ್ತು; ಪೆಟ್ಟಿಗೆಗಳು ಉಳಿದ ಮೂರರ ಮೇಲೆ ಕೂತವು.

ಅವುಗಳಲ್ಲಿ ಇದ್ದದ್ದು ಮಣ್ಣಿನೊಳಗೆ ಬದುಕುವ, ರಾಗಿ ಕಾಳಿಗಿಂತ ಸಣ್ಣ ಹುಳಗಳು. ಹೊಟ್ಟೆಯಡಿ ಮಡಚಿಟ್ಟ ಬಾಲವನ್ನು ನೆಲಕ್ಕೆ ಬಡಿದು ಚಿಮ್ಮುವಂಥವು. ಮಣ್ಣು ತರುತ್ತಿದ್ದವರು ಕಾಲೇಜಿನ ಅಟೆಂಡರ್ ಲಕ್ಕಣ್ಣ. ಚೀಲವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಮಣ್ಣನ್ನು ಆಲಿಕೆಗೆ ಸುರಿದು, ಮೇಲೆ ಬಲ್ಬು ಉರಿಸಿ, ಕಾವಿಗೆ ಹೆದರಿ ಕೆಳಗಿಳಿದ ಹುಳಗಳನ್ನು ಸ್ಪಿರಿಟ್ ಸೀಸೆಯಲ್ಲಿ ಹಿಡಿಯುತ್ತಿದ್ದರು. ಅಜ್ಜಂಪುರದ ಕಪ್ಪು ಮಣ್ಣಿನಲ್ಲಿ ಸಿಕ್ಕ ಒಂದು ಹೊಸ ಹುಳಕ್ಕೆ ಮಾಲಿನಿ ಊರಿನ ಹೆಸರಿಟ್ಟರು. ಎರಡು ವರ್ಷದ ನಂತರ, ೧೯೯೬ರಲ್ಲಿ, ತರೀಕೆರೆ ಕಡೆಯ ಮಣ್ಣಿನಲ್ಲಿ ಸಿಕ್ಕ ಇನ್ನೊಂದಕ್ಕೆ ಲಕ್ಕಣ್ಣನ ಹೆಸರು. ಹೇಳಿದಾಗ ಲಕ್ಕಣ್ಣ ಎರಡು ಸಲ ಬಗ್ಗಿ ಮೈಕ್ರೊಸ್ಕೋಪಿನಲ್ಲಿ ನೋಡಿ, “ಆಯ್ತು ಮೇಡಂ” ಎಂದಷ್ಟೇ ಅಂದಿದ್ದರು. ಅವರು ತೀರಿಕೊಂಡು ಈಗ ಆರು ವರ್ಷ.

ಈ ಹುಳಗಳ ಪಟ್ಟಿಯನ್ನು ಪರಿಷ್ಕರಿಸುತ್ತಿದ್ದ ಮೈಸೂರಿನ ಸಂಶೋಧಕ ಕಾಂತರಾಜ್, ಆ ಎರಡು ಹೊಸ ಹುಳಗಳ ಬೆನ್ನ ಮೇಲಿನ ಕೂದಲುಗಳನ್ನು ಇನ್ನೊಮ್ಮೆ ಎಣಿಸಿ ಹೇಳಲು ಸಾಧ್ಯವೇ ಎಂದು ಮೇಲ್ ಕಳಿಸಿದರು. ಸ್ಲೈಡಿಗೆ ಹಾಕಿದ್ದ ಹಳೆಯ ಅಂಟು ಬೆಲ್ಲದ ಪಾಕದಂತೆ ಕಪ್ಪಾಗಿತ್ತು. ಮಾಲಿನಿ ಸ್ಲೈಡುಗಳನ್ನು ಬೆಚ್ಚಗೆ ನೆನೆಹಾಕಿ, ಗಾಜು ಬಿಡಿಸಿ, ಕೂದಲು ಎಣಿಸಿ, ಹುಳಗಳನ್ನು ಮಗುಚಿ ಹೊಸದಾಗಿ ಕೂರಿಸಿದರು. ಮೂರನೆಯ ದಿನ ಹೊಟ್ಟೆಯ ಭಾಗ ತಿಳಿಯಾಗಿ ಕಂಡಿತು. ಬೆಳೆದ ಹುಳಕ್ಕೆ ಅಲ್ಲಿ ಇರಬೇಕಾದ ಜನನದ್ವಾರ ಇರಲಿಲ್ಲ. ತರೀಕೆರೆಯ ಏಳೂ ಹುಳಗಳು ಮರಿಗಳು. ಪೆಟ್ಟಿಗೆಯಲ್ಲೇ ಇದ್ದ ಅಜ್ಜಂಪುರದ ಸ್ಪಿರಿಟ್ ಸೀಸೆಯಲ್ಲಿ ಉಳಿದಿದ್ದ ಮರಿಗಳ ಪಕ್ಕದಲ್ಲಿಟ್ಟರೆ ಒಂದು ಕೂದಲಿನ ವ್ಯತ್ಯಾಸವೂ ಇಲ್ಲ. ಎರಡಲ್ಲ, ಒಂದೇ ಹುಳ. ಮೊದಲಿಟ್ಟ ಹೆಸರು ಉಳಿಯುತ್ತದೆ, ಲಕ್ಕಣ್ಣನದು ಹೋಗುತ್ತದೆ.

ಕಾಂತರಾಜ್ ಫೋನಿನಲ್ಲಿ, “ಒಳ್ಳೇದಾಯ್ತು ಮೇಡಂ, ಪಟ್ಟಿ ಒಂದು ಕಡಿಮೆ ಆಯ್ತು” ಎಂದರು. ಆ ಸಂಜೆ ಮಾಲಿನಿ ಬೇರೆ ಯಾರಿಗೆ ಹೇಳುವುದೆಂದು ಫೋನಿನ ಹೆಸರುಗಳನ್ನೆಲ್ಲ ನೋಡಿದರು. ಗ್ಯಾಸಿನವರು, ಬ್ಯಾಂಕಿನವರು, ಹಳೆಯ ಸಹೋದ್ಯೋಗಿಗಳು. ಮರುದಿನ ರೈಲು ಹತ್ತಿ ಲಕ್ಕಣ್ಣನ ಊರಾದ ಅಜ್ಜಂಪುರಕ್ಕೆ ಹೋದರು.

ಲಕ್ಕಣ್ಣನ ಹೆಂಡತಿ ಹುಲಿಗೆಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಒಳಗೋಡೆಯಲ್ಲಿ ಹುಳದ ಚಿತ್ರವಿದ್ದ, ಮಾಲಿನಿಯ ಹಳೆಯ ಲೇಖನದ ಪುಟವನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ಮಾಲಿನಿ ಸುತ್ತಿ ಬಳಸದೆ ಹೇಳಿದರು.

“ನನ್ನಿಂದ ತಪ್ಪಾಗಿದೆ ಹುಲಿಗೆಮ್ಮ. ಅದು ಬೇರೆ ಹುಳ ಅಲ್ಲ, ಇದೇ ಊರಿನ ಹುಳದ ಮರಿ. ಲಕ್ಕಣ್ಣನ ಹೆಸರು ತೆಗೀಬೇಕು.”

ಹುಲಿಗೆಮ್ಮನ ಕೈ ನಿಲ್ಲಲಿಲ್ಲ. “ಅವ್ರು ಆವತ್ತೇ ಅಂದಿದ್ರು ಕಣಮ್ಮ, ಮರಿ ಇದ್ದಂಗೈತೆ ಅಂತ. ಮೇಡಂ ಮೊದಲ್ನೇ ಮಳೆಗೇ ಮಣ್ಣು ತರಿಸ್ತಾರೆ, ಎರಡು ವಾರ ತಡೆದ್ರೆ ದೊಡ್ಡೋವೂ ಸಿಗ್ತವೆ ಅನ್ನೋರು.”

“ನನಗೆ ಹೇಳ್ಲೇ ಇಲ್ಲ.”

“ಹೆಂಗ್ ಹೇಳ್ತಾರೆ? ನೀವು ಅಷ್ಟು ಕುಶಿಯಾಗಿದ್ರಂತೆ. ಅವ್ರಿಗೂ ಒಳಗೊಳಗೆ ಆಸೆ ಇತ್ತೇನೋ.” ಒಳಗೋಡೆಯತ್ತ ತಿರುಗಿ ಕೇಳಿದರು, “ಗೋಡೇದು ತೆಗೀಬೇಕಾ?”

“ಬೇಡ. ಅದು ಇರ್ಲಿ.”

ಮಾಲಿನಿ ಹೊರಡುವಾಗ ಹುಲಿಗೆಮ್ಮ ಒಂದು ಸೇರು ಕಾಳು ಕಟ್ಟಿಕೊಟ್ಟರು. ಒಬ್ಬರಿಗೆ ಅಷ್ಟು ಹೆಚ್ಚಾಯಿತೆಂದು ಮಾಲಿನಿ ಹೇಳಲಿಲ್ಲ.

ಮುಂದಿನ ಮುಂಗಾರಿನಲ್ಲಿ, ಮೊದಲ ಮಳೆಯಾಗಿ ಹದಿನೈದನೆಯ ದಿನ, ಮಾಲಿನಿ ತಾವೇ ತರೀಕೆರೆಗೆ ಹೋಗಿ ಹಳೆಯ ಜಾಗದಲ್ಲಿ ಮಣ್ಣು ತೆಗೆದರು. ಮಂಡಿ ನೋಯುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಹೆಂಗಸು, “ಗಿಡ ಹಾಕೋಕಾ?” ಎಂದಳು. “ಹೂಂ” ಎಂದುಬಿಟ್ಟರು. ಮನೆಯಲ್ಲಿ ಆಲಿಕೆಯ ಕೆಳಗೆ ಬೆಳೆದ ಹುಳಗಳು ಇಳಿದವು, ಹನ್ನೊಂದು. ಎಲ್ಲವೂ ಅಜ್ಜಂಪುರದ ಹುಳಗಳೇ.

ಎರಡೂ ಒಂದೇ ಹುಳ ಎಂದು ಮೊದಲು ಕಂಡುಕೊಂಡವರು ಅಟೆಂಡರ್ ಲಕ್ಕಣ್ಣ ಎಂದು ಹೊಸ ಲೇಖನದಲ್ಲಿ ಬರೆದರು. ಲಿಖಿತ ಆಧಾರ ಉಂಟೇ ಎಂದು ಸಂಪಾದಕರು ಕೇಳಿದರು. ಇಲ್ಲ, ಅವರ ಹೆಂಡತಿಯ ಮಾತಿದೆ ಎಂದು ಮಾಲಿನಿ ಉತ್ತರಿಸಿದರು. ಸಂಪಾದಕರು ಆ ಸಾಲನ್ನು ಕೃತಜ್ಞತೆಯ ಭಾಗಕ್ಕೆ ಸರಿಸಿ ಅಚ್ಚು ಮಾಡಿದರು. ಹುಲಿಗೆಮ್ಮನಿಗೆ ಅಂಚೆಯಲ್ಲಿ ಒಂದು ಪ್ರತಿ ಹೋಯಿತು.

ಮತ್ತೆ ನೋಡಬೇಕಾದ ಇನ್ನೂ ಹತ್ತು ಪೆಟ್ಟಿಗೆಗಳಿವೆ. ಅನುಮಾನ ಬಂದ ಸ್ಲೈಡನ್ನು ಮಾಲಿನಿ ಪಕ್ಕಕ್ಕಿಟ್ಟು ಮಲಗುತ್ತಾರೆ. ಬೆಳಿಗ್ಗೆ ಎದ್ದು, ಬೇರೆ ಯಾರೋ ಮಾಡಿದ್ದೆಂಬಂತೆ ಇನ್ನೊಮ್ಮೆ ನೋಡುತ್ತಾರೆ.